ನಿಂತರೆ ಕಾಯುವ ಕಾರು

ಅಣ್ಣಿಗೇರಿಯ ಹೊಸ ಪ್ಲಾಟಿನಲ್ಲಿ ಮಹಾನಂದಾ ಅವರ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಹೇಳಲಾರರು. ನರ್ಸಬಾಯಾರ ಮನೆ ಎನ್ನಬೇಕು. ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತನಾಲ್ಕು ವರ್ಷ ಸರಕಾರಿ ನರ್ಸಾಗಿ ದುಡಿದವರು ಅವರು. ಹೆಗಲಿಗೆ ಲಸಿಕೆಯ ನೀಲಿ ಡಬ್ಬಿ ಹಾಕಿಕೊಂಡು, ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಬೇಸಿಗೆಯಲ್ಲಿ ಸೆರಗು ತಲೆಗೆ ಹೊದ್ದು ಎರಿಮಣ್ಣಿನ ದಾರಿ ತುಳಿದವರು. ಆ ಡಬ್ಬಿಯೊಳಗಿನ ಲಸಿಕೆ ಎರಡು ಡಿಗ್ರಿಗಿಂತ ಕೆಳಗೆ ಇಳಿಯುವಂತಿಲ್ಲ, ಎಂಟು ಡಿಗ್ರಿಗಿಂತ ಮೇಲೆ ಏರುವಂತಿಲ್ಲ. ಹೊರಗೆ ನಲವತ್ತರ ಬಿಸಿಲಿದ್ದರೂ ಡಬ್ಬಿಯೊಳಗೆ ಚಳಿಗಾಲವೇ ಇರಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಉಷ್ಣತೆ ನೋಡಿ ಬರೆದಿಡುವುದು ಬಾಯಾರಿಗೆ ಹಲ್ಲುಜ್ಜಿದಷ್ಟೇ ರೂಢಿಯಾಗಿತ್ತು.

ನಿವೃತ್ತಿಯ ದಿನ ಸಭೆಯಲ್ಲಿ ಡಾಕ್ಟರು, ಇನ್ನು ಮುಂದೆ ಏನು ಮಾಡುವಿರಿ ಎಂದು ಕೇಳಿದರು. ತಣ್ಣಗೆ ಕೂಡುತ್ತೇನೆ ಎಂದರು ಬಾಯಾರು. ಅದು ಬರೇ ಮಾತಿನ ಚಂದಕ್ಕೆ ಅಂದದ್ದು ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಯಾರು ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಶಾಲು, ಗೋಡೆ ಗಡಿಯಾರದ ಜೊತೆಗೆ ಅವರು ಇನ್ನೊಂದು ವಸ್ತುವನ್ನು ಬೇಡಿ ಪಡೆದಿದ್ದರು. ಕೆಟ್ಟುಹೋದ ಲಸಿಕೆ ಫ್ರಿಜ್ಜಿನೊಳಗೆ ಇರುತ್ತಿದ್ದ ದುಂಡನೆಯ ಥರ್ಮಾಮೀಟರು. ಫ್ರಿಜ್ಜು ಗುಜರಿಗೆ ಹೋಗಿತ್ತು, ಇದು ಇನ್ನೂ ನೆಟ್ಟಗೆ ಕೆಲಸ ಮಾಡುತ್ತಿತ್ತು.

ಮನೆಯಲ್ಲಿ ಎಸಿ ಹಾಕಿಸುವುದಕ್ಕೆ ಅಡ್ಡಿಯಾದವರು ಗಂಡ ಸಂಗನಬಸವ. ಮೂವತ್ತೊಂದು ವರ್ಷ ಸರಕಾರಿ ಬಸ್ಸು ಹೊಡೆದ ಮನುಷ್ಯ, ಅದರಲ್ಲಿ ಇಪ್ಪತ್ತೆರಡು ವರ್ಷ ಒಂದೇ ರೂಟು, ಅಣ್ಣಿಗೇರಿಯಿಂದ ನವಲಗುಂದ, ನವಲಗುಂದದಿಂದ ಅಣ್ಣಿಗೇರಿ. ಬಾಜೂಕೆ ಕುದಿಯುವ ಇಂಜಿನ್ನಿನ ಕಾವಿಗೆ ಒಗ್ಗಿಹೋದ ಆ ಮೈಗೆ ಮನೆಯ ಫ್ಯಾನಿನ ಗಾಳಿಯೂ ತಡೆಯುತ್ತಿರಲಿಲ್ಲ, ಮೊಳಕಾಲು ಹಿಡಿದುಕೊಳ್ಳುತ್ತಿದ್ದವು. ಚೈತ್ರದಲ್ಲಿಯೂ ಕೌದಿ ಹೊದ್ದು ಮಲಗುವರು. ಎಸಿ ಹಾಕಿಸಿದರೆ ತಾನು ಹೊರಗೆ ಕಟ್ಟೆಯ ಮೇಲೆ ಮಲಗುವುದಾಗಿ ಒಮ್ಮೆ ಹೇಳಿದರು, ಎರಡನೇ ಸಲ ಹೇಳಲಿಲ್ಲ.

ಬಾಯಾರು ವಾದ ಮಾಡಲಿಲ್ಲ. ಎರಡು ತಿಂಗಳ ನಂತರ ಧಾರವಾಡದ ಮಾಸ್ತರರೊಬ್ಬರ ಹಳೆಯ ಬಿಳಿ ಕಾರನ್ನು ಕೊಂಡರು. ಊರಿನ ಮೆಕ್ಯಾನಿಕ್ ಇಮಾಮುದ್ದೀನ ಅದನ್ನು ಹೊಡೆದುಕೊಂಡು ಬಂದು ಅಂಗಳದ ಬೇವಿನ ಮರದ ಕೆಳಗೆ ನಿಲ್ಲಿಸಿದ. ಸಂಗನಬಸವ ಕಟ್ಟೆಯ ಮೇಲಿಂದಲೇ ಅದನ್ನು ನೋಡಿದರು.

"ಮೊದಲ ಹೇಳತೀನಿ, ನಾ ಇನ್ನ ಸ್ಟೇರಿಂಗ್ ಹಿಡಿಯಾಂವ ಅಲ್ಲ," ಎಂದರು.

"ನಿಮಗ ಯಾರ ಹೊಡೀರಿ ಅಂದಾರ? ನಾ ಕುಂದರಾಕ ತಂದೀನಿ," ಎಂದರು ಬಾಯಾರು.

ಕೂಡಲಿಕ್ಕೇ ತಂದದ್ದು. ಇಂಜಿನ್ ಚಾಲೂ ಮಾಡುವುದು, ಎಸಿ ಹಾಕುವುದು, ಬಂದ್ ಮಾಡುವುದು, ಇಷ್ಟನ್ನು ಇಮಾಮುದ್ದೀನನಿಂದ ಕಲಿತುಕೊಂಡರು. ಗೇರು ಯಾವುದು, ಕ್ಲಚ್ಚು ಯಾವುದು ಎಂದು ಅವನು ಹೇಳಲು ಹೋದಾಗ ಅದು ತನಗೆ ಬೇಕಾಗಿಲ್ಲ ಎಂದರು. ದಿನಾ ಹನ್ನೊಂದಕ್ಕೆ ಕಾರಿನಲ್ಲಿ ಕೂತರೆ ಎರಡಕ್ಕೆ ಇಳಿಯುವರು. ಗಾಳಿ ಬರುವ ಜಾಲಿಗೆ ಥರ್ಮಾಮೀಟರು ಸಿಕ್ಕಿಸಿಟ್ಟು, ಉಷ್ಣತೆಯನ್ನು ಹಳೆಯ ನೋಟಬುಕ್ಕಿನಲ್ಲಿ ಬರೆಯುವರು. ಸಾಮಾನ್ಯವಾಗಿ ಎಂಟು, ಹೆಚ್ಚೆಂದರೆ ಒಂಬತ್ತು.

ಒಬ್ಬರೇ ಎಷ್ಟು ದಿನ ಕೂತಾರು? ಎದುರು ಮನೆಯ ಗೌಸಬಿ ಬಂದಳು. ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಕುಪ್ಪಸದ ಹುಕ್ಕು ಹಚ್ಚಿಕೊಡುವ ಕೆಲಸ ಅವಳದು, ಬೆವರು ಕೈಯಿಂದ ರೇಷ್ಮೆ ಮುಟ್ಟುವಂತಿರಲಿಲ್ಲ. ಅವಳ ಹಿಂದೆ ಹಿತ್ತಲ ಮನೆಯ ಅನ್ನವ್ವ ಬಂದಳು. ಅನ್ನವ್ವನಿಗೆ ಎಪ್ಪತ್ತು ವಯಸ್ಸು, ಭಾರೀ ಮೈ, ಬಿಪಿ. ಕಾಲು ಚಾಚಲು ಅನುಕೂಲವೆಂದು ಅವಳನ್ನು ಚಾಲಕನ ಸೀಟಿನಲ್ಲಿ ಕೂಡಿಸಿದರು. ಅವಳು ಸ್ಟೇರಿಂಗಿನ ಮೇಲೆ ಮೊರ ಇಟ್ಟುಕೊಂಡು ಹೆಸರುಕಾಳು ಹಸನು ಮಾಡುವಳು. ಆಗೊಮ್ಮೆ ಈಗೊಮ್ಮೆ ಮೊರ ಒತ್ತಿ ಹಾರ್ನ್ ಆಗುವುದು. ಅನ್ನವ್ವನ ಸೊಸೆ ಆ ಸದ್ದು ಕೇಳಿ, ಅತ್ತೆ ಕೆಲಸ ನಡೆಸಿದ್ದಾಳೆ ಎಂದು ತಿಳಿದು ಸುಮ್ಮನಾಗುವಳು. ಬಾಯಾರ ನಿಯಮ ಎರಡೇ: ಗಾಜು ಒಂದು ಬೆರಳಷ್ಟು ಇಳಿದಿರಬೇಕು, ಯಾರೂ ನಿದ್ದೆ ಮಾಡಬಾರದು. ಮೆಣಸಿನಕಾಯಿ ತೊಟ್ಟು ಬಿಡಿಸಬಾರದು ಎಂಬ ಮೂರನೆಯದು ಒಂದು ದಿನದ ಅನುಭವದ ಮೇಲೆ ಸೇರಿತು.

ಹೀಗೆ ಮೊದಲ ಬೇಸಿಗೆ ಸುಖವಾಗಿ ಕಳೆಯಿತು. ಮಳೆಗಾಲ, ಚಳಿಗಾಲ ಕಾರು ಮರದ ಕೆಳಗೆ ನಿಂತಲ್ಲೇ ನಿಂತಿತ್ತು. ಮರುವರ್ಷ ಮಾರ್ಚಿನಲ್ಲಿ ಬಾಯಾರು ಮತ್ತೆ ಎಸಿ ಹಾಕಿದರು. ಹತ್ತು ನಿಮಿಷಕ್ಕೆ ಹದಿನೆಂಟು ಡಿಗ್ರಿ. ಅರ್ಧ ತಾಸಿಗೆ ಇಪ್ಪತ್ತಾರು. ಗೌಸಬಿ ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದಳು.

ಇಮಾಮುದ್ದೀನ ಬಂದು ಬಾನೆಟ್ ಎತ್ತಿ ನೋಡಿದ. ಬೆಲ್ಟು ಸರಿ ಇತ್ತು, ಫ್ಯಾನು ತಿರುಗುತ್ತಿತ್ತು. ಗ್ಯಾಸು ಕಡಿಮೆಯಾಗಿರಬೇಕು ಎಂದು ಕಾರನ್ನು ಹುಬ್ಬಳ್ಳಿಗೆ ಒಯ್ದು ಗ್ಯಾಸು ತುಂಬಿಸಿಕೊಂಡು ಬಂದ. ದಾರಿಯುದ್ದಕ್ಕೂ ಹಲ್ಲು ಕಟಕಟ ಅನ್ನುವಷ್ಟು ತಂಪು ಎಂದು ಹೇಳಿದ. ಅವನು ಇಳಿದು ಹೋದ ಮೇಲೆ ಬಾಯಾರು ಕೂತರು. ಅರ್ಧ ತಾಸಿಗೆ ಇಪ್ಪತ್ತಾರು.

ಮರುದಿನ ಅವನನ್ನು ಕರೆಸಿ ಎದುರಿಗೆ ನಿಲ್ಲಿಸಿಕೊಂಡು ಕೇಳಿದರು. ಅವನು ಊರ ಸುತ್ತ ಒಂದು ಸುತ್ತು ಹೊಡೆದು ಬಂದು ಥರ್ಮಾಮೀಟರು ತೋರಿಸಿದ, ಒಂಬತ್ತು ಇತ್ತು.

"ಓಡಿದ್ರ ತಂಪ, ನಿಂತ್ರ ಬಿಸಿ ಆಗತೈತ್ರಿ," ಎಂದ.

"ನನ್ನ ಗಾಡಿ ಓಡೂದಿಲ್ಲಲ್ಲೋ."

"ಯಾಕ್ರಿ, ಕೆಟ್ಟೈತೇನ್ರಿ?"

"ಇಲ್ಲ, ಚಲೋ ಐತಿ. ಓಡೂದಿಲ್ಲ ಅಷ್ಟ."

ಇಮಾಮುದ್ದೀನ ಬಾನೆಟ್ ಮುಚ್ಚಿ ಕೈ ಒರೆಸಿಕೊಂಡ. ಇಪ್ಪತ್ತು ವರ್ಷದ ಕಸುಬಿನಲ್ಲಿ ಅವನ ಹತ್ತಿರ ಬಂದವರೆಲ್ಲ ಗಾಡಿ ಓಡುತ್ತಿಲ್ಲ ಎಂದು ಬಂದವರು. ಓಡಿದಾಗ ಮಾತ್ರ ನೆಟ್ಟಗಿರುವ ಗಾಡಿಯನ್ನು ಓಡದೆಯೇ ನೆಟ್ಟಗೆ ಮಾಡು ಎಂದವರು ಯಾರೂ ಇರಲಿಲ್ಲ. ಎರಡನೇ ಸಲ ಗ್ಯಾಸು ತುಂಬಿಸಿದ, ಮೊದಲಿಗಿಂತ ತುಸು ಹೆಚ್ಚೇ ಹಾಕಿಸಿದ. ನಿಂತಲ್ಲಿ ಇಪ್ಪತ್ತೆಂಟಾಯಿತು. ಕಡೆಗೆ ಹುಬ್ಬಳ್ಳಿಯ ಒಂದು ದೊಡ್ಡ ವರ್ಕಶಾಪಿಗೆ ಒಯ್ದ. ಅಲ್ಲಿ ಕಂಪ್ಯೂಟರಿಗೆ ವಾಯರು ಜೋಡಿಸಿ ನೋಡಿ, ಎರಡು ಹಾಳೆ ಅಚ್ಚು ಹಾಕಿ ಕೊಟ್ಟರು. ಬೆಲ್ಟು ಸರಿ, ಗ್ಯಾಸು ಕಡಿಮೆಯಿಲ್ಲ, ಫ್ಯಾನು ತಿರುಗುತ್ತಿದೆ, ದೋಷವಿಲ್ಲ, ವಾಹನವನ್ನು ದಿನವೂ ಓಡಿಸತಕ್ಕದ್ದು. ಬಾಯಾರು ಆ ಹಾಳೆಗಳನ್ನು ಎರಡು ಸಲ ಓದಿದರು. ರಿಪೋರ್ಟು ನಾರ್ಮಲ್ ಬಂದರೂ ಮೈ ಸುಡುತ್ತಿದ್ದ ಎಷ್ಟೋ ಮಂದಿಯನ್ನು ಅವರು ನೋಡಿದ್ದರು.

ಏಪ್ರಿಲ್ ಎರಡನೇ ವಾರದ ಒಂದು ಮಧ್ಯಾಹ್ನ ನಿಂತ ಕಾರಿನಲ್ಲಿ ಅನ್ನವ್ವನಿಗೆ ಕಣ್ಣು ಕತ್ತಲೆ ಬಂತು. ಬಾಯಾರು ಬಿಪಿ ನೋಡಿದರು, ಏರಿತ್ತು. ಮನೆಯೊಳಗೆ ಕರೆದುಕೊಂಡು ಹೋಗೋಣವೆಂದರೆ ಕರೆಂಟು ಹೋಗಿತ್ತು. ಅನ್ನವ್ವ ಸ್ಟೇರಿಂಗಿಗೆ ಹಣೆ ಹಚ್ಚಿ ಕೂತದ್ದರಿಂದ ಹಾರ್ನ್ ಬಿಡದೆ ಹೊಡೆದುಕೊಳ್ಳುತ್ತಿತ್ತು.

ಸಂಗನಬಸವ ಕಟ್ಟೆಯಿಂದ ಎದ್ದು ಒಳಗೆ ಹೋದರು. ಕೈಕಾಲು ತೊಳೆದುಕೊಂಡು, ಹಳೆಯ ಖಾಕಿ ಅಂಗಿ ತೊಟ್ಟು ಹೊರಗೆ ಬಂದರು. ಕಾರಿನ ಸುತ್ತ ಒಂದು ಸುತ್ತು ಹಾಕಿ ನಾಲ್ಕೂ ಗಾಲಿಗಳನ್ನು ಕಾಲಿನಿಂದ ಒದ್ದು ನೋಡಿದರು. ಅನ್ನವ್ವನನ್ನು ಹಿಂದಿನ ಸೀಟಿಗೆ ದಾಟಿಸಿದ ಮೇಲೆ ತಾವು ಕೂತು ಸ್ಟೇರಿಂಗಿಗೆ ಕೈ ಮುಗಿದರು.

"ಎಲ್ಲಿಗೆ?" ಎಂದು ಕೇಳಿದರು.

"ಎಲ್ಲಿಗೂ ಇಲ್ಲ. ಸುಮ್ನ ಹೊಡೀರಿ, ತಂಪಾದ್ರ ಸಾಕು," ಎಂದರು ಬಾಯಾರು.

"ಸುಮ್ನ ಹೊಡಿಯಾಕ ನನಗ ಬರೂದಿಲ್ಲ. ಊರ ಹೇಳು."

ಬಾಯಾರಿಗೆ ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು ನವಲಗುಂದ. ಸಂಗನಬಸವ ತಲೆಯಾಡಿಸಿದರು. ಆದರೆ ಗಾಡಿ ಬಿಡಲಿಲ್ಲ. ಕನ್ನಡಿಯಲ್ಲಿ ಹಿಂದೆ ನೋಡುತ್ತ ಕೂತೇ ಇದ್ದರು. ಯಾತಕ್ಕೆ ಕಾಯುತ್ತಿದ್ದಾರೆ ಎಂದು ಯಾರಿಗೂ ತಿಳಿಯಲಿಲ್ಲ. ಕಡೆಗೆ ಗೌಸಬಿಗೆ ಹೊಳೆದು, ಕಂಡಕ್ಟರನ ಹಾಗೆ, "ರೈಟ್, ಹೋಗೂಣ್ರಿ," ಎಂದಳು. ಕಾರು ಹೊರಟಿತು.

ಊರು ದಾಟುವುದರೊಳಗೆ ಥರ್ಮಾಮೀಟರು ಹತ್ತಕ್ಕೆ ಇಳಿಯಿತು. ಅನ್ನವ್ವ ಕಣ್ಣು ಬಿಟ್ಟು, ಎರಡೂ ಕಡೆಯ ಹೊಲ ನೋಡುತ್ತ, ಇಲ್ಲಿ ಯಾರೋ ಕಾಲುವೆ ನೀರಿನ ಮೇಲೆ ಗೋವಿನಜೋಳ ಹಾಕಿದ್ದಾರೆ ಎಂದಳು. ಬಾಯಾರು ಮತ್ತೆ ಬಿಪಿ ನೋಡಿದರು, ಇಳಿದಿತ್ತು.

ಮರುದಿನದಿಂದ ಇದೇ ಪದ್ಧತಿಯಾಯಿತು. ಕಾರು ರಿಪೇರಿಯಾಗುವವರೆಗೆ ಓಡುತ್ತಲೇ ಇರಬೇಕು, ಓಡಬೇಕಾದರೆ ಒಂದು ಊರು ಬೇಕು, ಸಂಗನಬಸವರಿಗೆ ಗೊತ್ತಿದ್ದ ಊರು ಒಂದೇ. ಹನ್ನೊಂದು ಹತ್ತಕ್ಕೆ ಬಿಡುವುದು, ನವಲಗುಂದ ಮುಟ್ಟಿ ತಿರುಗಿ ಬರುವುದು. ತಾಸಿಗೆ ನಲವತ್ತು ಕಿಲೋಮೀಟರಿಗಿಂತ ಮುಳ್ಳು ಮೇಲೇರುತ್ತಿರಲಿಲ್ಲ. ತೊಂದರೆ ಇದ್ದದ್ದು ಸ್ಟಾಪುಗಳದು. ಪ್ರತಿ ಹಳ್ಳಿಯ ಬಸ್ ಸ್ಟಾಪಿನಲ್ಲಿಯೂ ಅವರ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತಿತ್ತು. ನಿಂತರೆ ಸೆಕೆ ಏರುವುದು. ಅಷ್ಟರಲ್ಲಿ ಸ್ಟಾಪಿನಲ್ಲಿದ್ದವರು ಖಾಕಿ ಅಂಗಿ ಕಂಡು ಹತ್ತಿರ ಬರುವರು, ಕೆಲವರು ಅವರನ್ನು ಗುರುತಿಸಿ ಡ್ರೈವರ್ ಸಾಹೇಬ್ರ ಎಂದು ಮಾತಿಗೆ ನಿಲ್ಲುವರು. ಕೈ ಮಾಡಿದವರನ್ನು ಬಿಟ್ಟು ಹೋಗುವುದು ಸಂಗನಬಸವರಿಂದ ಆಗದ ಮಾತು. ಒಬ್ಬಾತ ಬೆನ್ನಿಗೆ ಔಷಧಿ ಹೊಡೆಯುವ ಪಂಪು ಕಟ್ಟಿಕೊಂಡಿದ್ದವನು, ಅದನ್ನು ಬಿಚ್ಚಲು ಒಪ್ಪದೆ, ಹಿಂದಿನ ಸೀಟಿನಲ್ಲಿ ಗೌಸಬಿ ಮತ್ತು ಅನ್ನವ್ವನ ನಡುವೆ ಮುಂದಕ್ಕೆ ಬಾಗಿ ಕೂತೇ ನವಲಗುಂದದವರೆಗೆ ಬಂದ. ಜನ ಹತ್ತುವಾಗ ಬಾಯಾರು ಮುಂದಿನ ಸೀಟಿನಿಂದ ಗಟ್ಟಿಯಾಗಿ ಉಷ್ಣತೆ ಓದುವರು. ಹದಿನಾಲ್ಕು, ಹದಿನೇಳು, ಹತ್ತೊಂಬತ್ತು. ಅದೇನು ಎಣಿಕೆ ಎಂದು ತಿಳಿಯದೆ ಜನ ಅವಸರ ಅವಸರವಾಗಿ ಹತ್ತುವರು.

ಎರಡನೇ ವಾರದಲ್ಲಿ ಕಾರು ನವಲಗುಂದ ಬಸ್ ನಿಲ್ದಾಣದ ಒಳಗೇ ಹೋಗಿ ಮೂರನೇ ಪ್ಲಾಟಫಾರ್ಮಿಗೆ ನಿಂತಿತು. ತಾನು ಹಾಗೆ ಮಾಡಿದ್ದೇನೆ ಎಂದು ಸಂಗನಬಸವರಿಗೆ ಗೊತ್ತಾದದ್ದು ಹಿಂದಿನಿಂದ ಒಂದು ಬಸ್ಸು ಹಾರ್ನ್ ಹೊಡೆದಾಗ. ಕಂಟ್ರೋಲರ್ ಲಕ್ಷ್ಮಣಪ್ಪ ತಮ್ಮ ಕೋಣೆಯಿಂದ ಹೊರಗೆ ಬಂದರು. ಹಳೆಯ ಗೆಳೆಯ ನಿಜ, ಆದರೆ ಖಾಸಗಿ ಗಾಡಿಯೊಂದು ಖಾಕಿ ತೊಟ್ಟ ಡ್ರೈವರನೊಂದಿಗೆ ಬಸ್ಸಿನ ಪ್ರಯಾಣಿಕರನ್ನು ಹತ್ತಿಸಿಕೊಳ್ಳುತ್ತಿದೆ ಎಂದು ಕಂಡಕ್ಟರುಗಳು ಅವರ ಕಿವಿಗೆ ಹಾಕಿದ್ದರು. ವಿಚಾರಣೆ ಮಾಡದೆ ಬಿಡುವಂತಿರಲಿಲ್ಲ. ಹಾಳೆ, ಪೆನ್ನು ಹಿಡಿದೇ ಬಂದಿದ್ದರು.

ಕಿಟಕಿಗೆ ಬಾಗಿ ಹೆಸರು ಬರೆದುಕೊಳ್ಳುವಷ್ಟರಲ್ಲಿ ಬಾಯಾರು ಇಪ್ಪತ್ತೊಂದು ಎಂದರು. ಗಾಡಿ ನಿಲ್ಲಿಸಿ ಮಾತಾಡುವುದು ಆಗದು, ಅನ್ನವ್ವನ ಬಿಪಿ ಇದೆ, ಕೇಳುವುದಿದ್ದರೆ ಒಳಗೆ ಕೂತು ಕೇಳಿರಿ ಎಂದು ವಿವರಿಸಿದರು. ಲಕ್ಷ್ಮಣಪ್ಪ ಹಿಂದೆ ಮುಂದೆ ನೋಡಿ ಗೌಸಬಿಯ ಬಾಜೂಕೆ ಕೂತರು. ಕಾರು ನಿಲ್ದಾಣದಿಂದ ಹೊರಬಿದ್ದು ಊರೊಳಗೆ ಸುತ್ತತೊಡಗಿತು.

"ಟಿಕೇಟ್ ಕೊಡತೀಯೇನು?" ಎಂದು ಲಕ್ಷ್ಮಣಪ್ಪ ಕೇಳಿದರು.

"ಇಲ್ಲ."

"ಹಂಗಾರ ಯಾತಕ್ಕ ಬರತಿ?"

"ನಿಂತ್ರ ಕಾಯತೈತಿ."

"ಎಲ್ಲಿಗೆ ಹೋಗತೀರಿ?"

ಸಂಗನಬಸವ ಇದಕ್ಕೆ ಉತ್ತರ ಹುಡುಕುತ್ತ ಒಂದು ಪೂರ್ತಿ ಓಣಿ ದಾಟಿದರು. ಎಲ್ಲಿಗೂ ಹೋಗುವುದಿಲ್ಲ ಎಂದು ಬಾಯಾರೇ ಹೇಳಬೇಕಾಯಿತು. ಲಕ್ಷ್ಮಣಪ್ಪ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಸದರಿ ವಾಹನವು ಎಲ್ಲಿಗೂ ಹೋಗುತ್ತಿರುವುದಿಲ್ಲವೆಂದು ವಿಚಾರಣೆಯಿಂದ ತಿಳಿದುಬಂದಿರುತ್ತದೆ ಎಂದು ಬರೆದರು. ಬರೆದು ಮುಗಿದ ಮೇಲೆ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಗಾಳಿಯ ಕಡೆ ಮುಖ ಮಾಡಿ, ಕೆಲವು ಪ್ರಶ್ನೆಗಳು ಬಾಕಿ ಇವೆ, ಇನ್ನೊಂದು ಸುತ್ತು ಹಾಕು ಎಂದರು. ಆ ಸುತ್ತಿನಲ್ಲಿ ಅವರು ಏನೂ ಕೇಳಲಿಲ್ಲ. ಆಮೇಲೆ ಇಳಿಯುವಾಗ, ನಿಲ್ದಾಣದ ಹೊರಗೆ ನಿಲ್ಲಿಸಿಕೊಳ್ಳಿ, ಜನ ಹತ್ತಿಸಿಕೊಳ್ಳಬೇಡಿ ಎಂದಷ್ಟೇ ಹೇಳಿದರು.

ಅಂದು ತಿರುಗಿ ಬರುವಾಗ ಮೇವು ಹೇರಿದ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ಉರುಳಿ ಬಿದ್ದಿತ್ತು. ಹೋಗಲಿಕ್ಕೂ ದಾರಿ ಇಲ್ಲ, ತಿರುಗಿಸಲಿಕ್ಕೂ ಹಿಂದೆ ಗಾಡಿಗಳ ಸಾಲು. ಕಾರು ನಿಂತಿತು. ಇಪ್ಪತ್ತು, ಇಪ್ಪತ್ಮೂರು, ಇಪ್ಪತ್ತಾರು. ಅನ್ನವ್ವ ದೇವರ ಹೆಸರು ತೆಗೆದಳು. ಬಾಯಾರಿಗೆ ಕಾರಿನ ಮೇಲೆ, ಹಾಳೆ ಕೊಟ್ಟ ವರ್ಕಶಾಪಿನ ಮೇಲೆ, ಮೇವಿನ ಮೇಲೆ ಎಲ್ಲದರ ಮೇಲೂ ಸಿಟ್ಟು ಬಂತು. ಇಳಿದು ಕಾರಿನ ಮುಂದೆ ಹೋಗಿ ನಿಂತರು. ಬಿಸಿ ಉಸಿರು ಕಾಲಿಗೆ ಬಡಿಯಿತು. ಜ್ವರ ಬಂದವರಿಗೆ ಮಾಡುವುದನ್ನು ಬಿಟ್ಟು ಬೇರೇನೂ ಅವರಿಗೆ ತೋಚಲಿಲ್ಲ. ಟವೆಲ್ಲನ್ನು ಕುಡಿಯುವ ನೀರಿನಲ್ಲಿ ಅದ್ದಿ, ಕಾರಿನ ಮೂತಿಯ ಜಾಲಿಯ ಮೇಲೆ ತಣ್ಣೀರ ಪಟ್ಟಿ ಹಾಕಿದರು. ಇನ್ನುಳಿದ ನೀರನ್ನು ಜಾಲಿಯ ಒಳಕ್ಕೇ ಸುರಿದರು.

ಒಳಗಿನಿಂದ ಗೌಸಬಿ ಉಷ್ಣತೆ ಓದಿದಳು. ಇಪ್ಪತ್ತೆರಡು. ಹದಿನೆಂಟು. ಹದಿನೈದು.

ಸುತ್ತಲಿನ ಗಾಡಿಗಳವರು ಇಳಿದು ನೋಡುತ್ತಿದ್ದರು. ಒಬ್ಬ ತನ್ನ ಬಾಟಲಿಯನ್ನೂ ಕೊಟ್ಟ. ಮೇವು ಎತ್ತಿ ದಾರಿ ಆಗುವವರೆಗೆ ಬಾಯಾರು ಐದು ಸಲ ಪಟ್ಟಿ ಬದಲಿಸಿದರು, ಕಾರು ಹದಿನೈದರಲ್ಲೇ ನಿಂತಿತು. ಕಾಯಿಲೆ ಗ್ಯಾಸಿನಲ್ಲಿ ಇಲ್ಲ, ಮೂತಿಯಲ್ಲಿದೆ ಎಂದು ಅವರಿಗೆ ಖಾತ್ರಿಯಾಯಿತು. ಸಂಗನಬಸವ ಮಾತ್ರ ಇಡೀ ಹೊತ್ತು ಸ್ಟೇರಿಂಗ್ ಹಿಡಿದು ಮುಂದಿನ ಮೇವಿನ ರಾಶಿಯನ್ನೇ ನೋಡುತ್ತ ಕೂತಿದ್ದರು, ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಇಮಾಮುದ್ದೀನನನ್ನು ಕರೆಸಿದರು. ಅವನು ಪಟ್ಟಿಯ ಕಥೆ ಕೇಳಿ ಗಂಭೀರನಾದ. ಎಸಿ ಒಳಗಿನ ಬಿಸಿಯನ್ನೆಲ್ಲ ಹೊರಗೆ ಹಾಕುವುದು ಮುಂದಿನ ಆ ಜಾಲಿಯಿಂದಲೇ, ಓಡುವಾಗ ಎದುರುಗಾಳಿ ಅದನ್ನು ಆರಿಸುತ್ತದೆ, ನಿಂತಾಗ ಜಾಲಿಯ ಹಿಂದಿನ ಫ್ಯಾನು ಹೊರಗಿನ ಗಾಳಿಯನ್ನು ಒಳಗೆಳೆದು ಆರಿಸಬೇಕು ಎಂದು ಬಿಡಿಸಿ ಹೇಳಿದ. ಆದರೆ ಫ್ಯಾನು ತಿರುಗುತ್ತಲೇ ಇದೆಯಲ್ಲ ಎಂದು ಬಾನೆಟ್ ಎತ್ತಿ ತೋರಿಸಿದ. ತಿರುಗುತ್ತಿತ್ತು, ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತಿತ್ತು.

ಬಾಯಾರು ಒಳಗೆ ಹೋಗಿ ಅರಳೆಯ ಒಂದು ಎಳೆ ತಂದರು. ಹುಟ್ಟಿ ಅಳದ ಕೂಸುಗಳ ಮೂಗಿನ ಹತ್ತಿರ ಹಿಡಿದು ಉಸಿರು ನೋಡಿದ ರೂಢಿ ಅದು. ಅರಳೆಯನ್ನು ಎರಡು ಬೆರಳಲ್ಲಿ ಹಿಡಿದು ಕಾರಿನ ಮೂತಿಗೆ ಒಯ್ದರು. ಒಳಕ್ಕೆ ಹೋಗಬೇಕಾಗಿದ್ದ ಅರಳೆ ಹೊರಕ್ಕೆ ಹಾರಿ, ಬಗ್ಗಿ ನೋಡುತ್ತಿದ್ದ ಇಮಾಮುದ್ದೀನನ ಮೀಸೆಗೆ ಅಂಟಿಕೊಂಡಿತು.

"ಇದು ಉಸರ ಒಳಗ ತಗೋಬೇಕಲ್ಲ?" ಎಂದು ಬಾಯಾರು ಕೇಳಿದರು.

"ಹೌದ್ರಿ."

"ಹೊರಗ ಬಿಡಾಕತ್ತೈತಿ."

ಇಮಾಮುದ್ದೀನ ಮೀಸೆಯ ಅರಳೆಯನ್ನು ತೆಗೆಯದೆಯೇ ಕೆಳಗೆ ಮಲಗಿ ಕಾರಿನಡಿ ತಲೆ ಹಾಕಿದ. ಫ್ಯಾನು ಉಲ್ಟಾ ತಿರುಗುತ್ತಿತ್ತು. ಇಂಜಿನ್ನಿನ ಬಿಸಿಯನ್ನು ತಂದು ಜಾಲಿಗೇ ಊದುತ್ತಿತ್ತು. ಅವನೇ ಎರಡು ಸಲ, ಹುಬ್ಬಳ್ಳಿಯವರು ಒಂದು ಸಲ, ಫ್ಯಾನು ತಿರುಗುತ್ತದೆಯೇ ಎಂದು ನೋಡಿದ್ದರು. ಯಾವ ಕಡೆಗೆ ಎಂದು ಯಾರೂ ನೋಡಿರಲಿಲ್ಲ. ವಾಯರಿನ ಗುಂಟ ಕೈಯಾಡಿಸುತ್ತ ಹೋದಂತೆ ಒಂದು ಜೋಡಣೆ ಸಿಕ್ಕಿತು. ಕತ್ತರಿಸಿದ ಎರಡು ವಾಯರುಗಳನ್ನು ಯಾರೋ ಅದಲು ಬದಲು ಜೋಡಿಸಿ ಗಟ್ಟಿಯಾಗಿ ಸುತ್ತಿದ್ದರು. ಸುತ್ತಿದ್ದು ವಾಯರಿನ ಕರಿ ಟೇಪಲ್ಲ, ಗಾಯಕ್ಕೆ ಹಚ್ಚುವ ಬಿಳಿ ಅಂಟುಪಟ್ಟಿ.

ಆ ಪಟ್ಟಿ ಊರಲ್ಲಿ ಯಾರ ಡಬ್ಬಿಯಲ್ಲಿ ಇರುತ್ತದೆ ಎಂದು ಕೇಳುವ ಕಾರಣವಿರಲಿಲ್ಲ. ಬಾಯಾರು ಕಟ್ಟೆಯ ಕಡೆ ತಿರುಗಿದರು. ಸಂಗನಬಸವ ಆಗಲೇ ಖಾಕಿ ತೊಟ್ಟು ಕೂತಿದ್ದರು.

"ಚಳಿಗಾಲದಾಗ ಹೆಗ್ಗಣ ಕಡದಿತ್ತು. ಜೋಡಿಸಿದೆ. ಫ್ಯಾನ್ ತಿರಗತು, ಸರಿ ಆತು ಅನಕೊಂಡೆ," ಎಂದರು.

"ಉಲ್ಟಾ ಐತಿ ಅಂತ ಯಾವಾಗ ಗೊತ್ತಾತು?"

ಸಂಗನಬಸವ ಮೊಳಕಾಲು ತಿಕ್ಕಿಕೊಳ್ಳುತ್ತ ಹೇಳಿದರು. ಕಾರು ಹೊಡೆಯಲು ಶುರು ಮಾಡಿದ ಮೂರನೇ ದಿನ ಒಂದು ಸ್ಟಾಪಿನಲ್ಲಿ ಜಾಲಿಗೆ ಸಿಕ್ಕ ಕಡ್ಡಿ ತೆಗೆಯಲು ಹೋದಾಗ ಕೈಗೆ ಬಿಸಿ ಗಾಳಿ ತಾಗಿ ಗೊತ್ತಾಗಿತ್ತು.

"ಮತ್ತ ಬಾಯಿ ಬಿಡಲಿಲ್ಲ ಯಾಕ?"

"ಹೇಳಿದ್ರ ರಿಪೇರಿ ಮಾಡಸತಿದ್ದಿ," ಎಂದರು ಅವರು. ಕಾರಿನ ಕಡೆ ನೋಡಿ, "ಅಗದಿ ಚಲೋ ಓಡಾಕತ್ತಿತ್ತು," ಎಂದು ಸೇರಿಸಿದರು.

ಇಮಾಮುದ್ದೀನ ಪಟ್ಟಿ ಬಿಚ್ಚಿ ವಾಯರು ಬದಲಿಸಿ, ಹೆಚ್ಚಿದ್ದ ಗ್ಯಾಸು ಸರಿ ಮಾಡಿಸಿ ತಂದ. ನಿಂತ ಕಾರಿನಲ್ಲಿ ಥರ್ಮಾಮೀಟರು ಎಂಟಕ್ಕೆ ಬಂತು. ಬಾಯಾರು ಎರಡು ದಿನ ಗಂಡನ ಜೊತೆ ಮಾತಾಡಲಿಲ್ಲ. ಮೂವತ್ತು ವರ್ಷ ಹನ್ನೊಂದರ ಹೊತ್ತಿಗೆ ಅವರು ಒಂದು ದಿಕ್ಕಿಗೆ, ತಾವು ಒಂದು ದಿಕ್ಕಿಗೆ ಹೋದವರು. ಎರಡು ವಾರದಿಂದ ದಿನಾ ಆ ಹೊತ್ತಿಗೆ ಇಬ್ಬರೂ ಅಕ್ಕಪಕ್ಕ ಕೂತಿದ್ದರು ಎಂಬುದು ಸಿಟ್ಟಿನ ಮೊದಲನೇ ದಿನ ಅವರ ತಲೆಗೆ ಬರಲಿಲ್ಲ. ಎರಡನೇ ದಿನ ಬಂತು. ಮೂರನೇ ದಿನ ಅವರು ಒಂದು ತೀರ್ಮಾನ ಮಾಡಿದರು: ಒಂದು ದಿನ ಕಾರು ನಿಲ್ಲಬೇಕು, ಒಂದು ದಿನ ಓಡಬೇಕು. ಆದರೆ ನವಲಗುಂದ ಸಾಕು, ಬೇರೆ ಊರು ನೋಡಿರಿ ಎಂದರು. ಸಂಗನಬಸವ ಹೊಸ ದಾರಿಗಳನ್ನು ಇಮಾಮುದ್ದೀನನಿಂದ ಕೇಳಿ ಒಂದು ಹಾಳೆಯಲ್ಲಿ ಬರೆದುಕೊಂಡರು. ಕುಂದಗೋಳಕ್ಕೆ ಹೋದ ದಿನ ಎರಡು ಸಲ ದಾರಿ ತಪ್ಪಿದರು, ತಪ್ಪಿದ್ದಕ್ಕೆ ಸಂಜೆಯವರೆಗೂ ಉತ್ಸಾಹದಲ್ಲಿದ್ದರು.

ಜೂನಿನಲ್ಲಿ ಗೌಸಬಿಯ ಮಗಳಿಗೆ ಗಂಡು ಮಗುವಾಯಿತು. ತೊಟ್ಟಿಲು ತರಲು ನಾಲ್ವರೂ ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿಗೆ ಹೋದರು. ಗೌಸಬಿ ಮೂರು ಅಂಗಡಿ ತಿರುಗಿ ಕೆಂಪು, ಹಸಿರು ಬಣ್ಣದ್ದೊಂದನ್ನು ಆರಿಸಿದಳು. ಬಣ್ಣ ಇನ್ನೂ ಪೂರ್ತಿ ಒಣಗಿಲ್ಲ, ಬಿಚ್ಚಬೇಡಿ, ಕಾರಿನ ಮೇಲೆ ಕಟ್ಟಬೇಡಿ, ಸೆಕೆ ತಾಗಿಸಬೇಡಿ, ಮಳೆಯಂತೂ ಬೇಡವೇ ಬೇಡ ಎಂದು ಮಾಡಿದವರು ಹೇಳಿದರು. ಹಾಗೆಯೇ ಇಡಲು ನೋಡಿದರೆ ಹಿಂದಿನ ಸೀಟು ಮಡಚಬೇಕಾಯಿತು, ಮುಂದಿನ ಸೀಟನ್ನೂ ಮುಂದಕ್ಕೆ ಬಾಗಿಸಬೇಕಾಯಿತು. ಉಳಿದದ್ದು ಡ್ರೈವರನ ಜಾಗವೊಂದೇ.

ಬಾಯಾರು ತೊಟ್ಟಿಲಿಗೆ ತಾಗದಂತೆ ಗಾಳಿಯ ಜಾಲಿಯನ್ನು ತಿರುಗಿಸಿ, ಎಸಿ ಎಷ್ಟರಲ್ಲಿ ಇರಬೇಕೆಂದು ಗಂಡನಿಗೆ ಎರಡು ಸಲ ಹೇಳಿ, ಅನ್ನವ್ವನ ಕೈ ಹಿಡಿದು ಬಸ್ ನಿಲ್ದಾಣಕ್ಕೆ ನಡೆದರು. ಸಂಗನಬಸವ ಮೊಳಕಾಲಿಗೆ ಟವೆಲ್ಲು ಸುತ್ತಿಕೊಂಡು, ಎಸಿಯೊಳಗೆ ಕೂತು, ತೊಟ್ಟಿಲನ್ನು ಕರೆದುಕೊಂಡು ಹೊರಟರು. ಹುಬ್ಬಳ್ಳಿಯ ಬಸ್ಸಿನಲ್ಲಿ ಮೂವರು ಹೆಂಗಸರಿಗೂ ಸೀಟು ಸಿಗಲಿಲ್ಲ. ಅರ್ಧ ದಾರಿಯಲ್ಲಿ ಬಸ್ಸು ಬಿಳಿ ಕಾರನ್ನು ಹಿಂದೆ ಹಾಕಿತು. ಅನ್ನವ್ವ ಕಂಬಿ ಹಿಡಿದು ಬಗ್ಗಿ ನೋಡಿ, ಒಳಗೆ ತೊಟ್ಟಿಲು ಬಲು ಚಂದ ಕೂತೈತಿ ಎಂದು ಉಳಿದಿಬ್ಬರಿಗೆ ಹೇಳಿದಳು.